ಸೀನುವವರ ಮನೆಗೆ ಯಾವ ನಾಯಿ? ಲ್ಯಾಬ್ರಡೂಡಲ್, ಪೂಡಲ್, ಮುಧೋಳ, ಇಲ್ಲಾ ನಮ್ಮೂರ ನಾಯಿ

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಮನೆಯವರು ನನ್ನ ಹತ್ತಿರ ಒಂದೇ ಮಾತು ಕೇಳಿದರು. ಒಬ್ಬರು ಇಲ್ಲೇ ಬಳ್ಳಾರಿಯವರು, ಒಬ್ಬರು ಗಂಗಾವತಿಯವರು, ಇನ್ನೊಬ್ಬರು ರಾಯಚೂರಿನವರು. "ಮಕ್ಕಳು ನಾಯಿ ಬೇಕು ಅಂತ ಹಟ ಹಿಡಿದಿದ್ದಾರೆ. ಆದರೆ ಮನೆಯಲ್ಲಿ ಒಬ್ಬರಿಗೆ ನಾಯಿ ಹತ್ತಿರ ಬಂದರೆ ಸೀನು, ಕಣ್ಣು ತುರಿಕೆ. ಅಲರ್ಜಿ ಆಗದ ಲ್ಯಾಬ್ರಡೂಡಲ್ ಅಂತ ಒಂದು ತಳಿ ಇದೆಯಂತಲ್ಲ, ತರಬಹುದಾ?"

ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. ಕೊಪ್ಪಳದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಐದು ವರ್ಷದಿಂದ ಲ್ಯಾಬ್ರಡೂಡಲ್ ಇದೆ, ಅಂದರೆ ಲ್ಯಾಬ್ರಡಾರಿಗೆ ಗುಂಗುರು ಕೂದಲಿನ ಪೂಡಲ್ ಕೂಡಿಸಿ ಹುಟ್ಟಿಸಿದ ಮಿಶ್ರತಳಿ. ಬಣ್ಣ ನೋಡಿ ಬೆಲ್ಲ ಅಂತ ಹೆಸರಿಟ್ಟಿದ್ದಾರೆ. ಭಾವನಿಗೆ ನಾಯಿ ಅಲರ್ಜಿ. ನಮ್ಮ ಮನೆಯಲ್ಲಿರುವುದು ಬೀದಿಯಿಂದ ಬಂದ ಹೆಣ್ಣು ನಾಯಿ, ಕರಿಯವ್ವ. ನನ್ನ ಮೂಗೂ ಅಷ್ಟಕ್ಕಷ್ಟೇ. ಹಾಗಾಗಿ ಎರಡೂ ಕಡೆಯದ್ದನ್ನು ಕಣ್ಣಾರೆ ನೋಡಿ, ಕೈಯಾರೆ ಬಾಚಿ ಗೊತ್ತು. ಮೂವರಿಗೂ ಬೇರೆ ಬೇರೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ತಳಿಯ ಮಾತಿಗೆ ಮೊದಲು ಒಂದು ಕೆಲಸ ಇದೆ. ಸೀನು ಬರುತ್ತಿರುವುದು ನಾಯಿಯಿಂದಲೇನಾ ಅಂತ ಖಚಿತ ಮಾಡಿಕೊಳ್ಳಿ. ನಮ್ಮ ಕಡೆ ಮೂಗಿಗೆ ಶತ್ರುಗಳು ಕಡಿಮೆ ಇಲ್ಲ. ಬಳ್ಳಾರಿಯಲ್ಲಿ ಅದಿರಿನ ಕೆಂಪು ಧೂಳು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಕೊಯ್ಲು ಬಂತೆಂದರೆ ರೈಸ್ ಮಿಲ್ಲಿನ ಹೊಟ್ಟು. ಖಾಲಿ ಸೈಟಿನಲ್ಲೆಲ್ಲ ಕಾಂಗ್ರೆಸ್ ಕಳೆಯ ಹೂವು. ಇನ್ನು ಮಾರ್ಚಿನಿಂದ ಜೂನ್ ತನಕ ಮುಚ್ಚಿದ ಕೋಣೆಯಲ್ಲಿ ಓಡುವ ಕೂಲರ್. ಹೋದ ವರ್ಷದ ಹುಲ್ಲನ್ನೇ ಅದರಲ್ಲಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ತೇವ ಜಾಸ್ತಿಯಾದರೆ ಹಾಸಿಗೆಯಲ್ಲಿರುವ ಕಣ್ಣಿಗೆ ಕಾಣದ ಧೂಳುಹುಳಗಳೂ ಹೆಚ್ಚುತ್ತವೆ. ಇದೆಲ್ಲ ಇದ್ದೂ ತಪ್ಪು ಮಾತ್ರ ನಾಯಿಯ ಮೇಲೆ ಬೀಳುವುದುಂಟು. ಅಲರ್ಜಿ ನೋಡುವ ಡಾಕ್ಟರ ಹತ್ತಿರ ಹೋದರೆ ಮುಂಗೈ ಮೇಲೆ ಸಣ್ಣ ಸಣ್ಣ ಹನಿ ಹಾಕಿ ಚುಚ್ಚಿ ನೋಡುವ ಪರೀಕ್ಷೆ ಇದೆ, ರಕ್ತ ಪರೀಕ್ಷೆಯೂ ಇದೆ. ನಾಯಿಗೆ ಹಾಕುವ ದುಡ್ಡಿಗಿಂತ ಮೊದಲು ಈ ದುಡ್ಡು ಹಾಕಿ.

ನಾಯಿ ಅಲರ್ಜಿಯೇ ಹೌದು ಅಂತ ಗೊತ್ತಾಯಿತು ಅಂದುಕೊಳ್ಳಿ. ಆಗ ನಾಲ್ಕು ವಿಷಯ ತೂಗಬೇಕು: ನಿಮ್ಮ ಮನೆಯ ಆ ಒಬ್ಬರ ಮೂಗಿಗೆ ಆ ಒಂದು ನಾಯಿ ಒಗ್ಗುತ್ತದಾ? ನಮ್ಮ ಬಿಸಿಲು ಆ ನಾಯಿಗೆ ಒಗ್ಗುತ್ತದಾ? ಅದರ ಕೂದಲ ಚಾಕರಿ ಮಾಡುವವರು ಯಾರು? ತಂದ ಮೇಲೆ ತಿಂಗಳಾ ತಿಂಗಳಾ ಖರ್ಚು ಎಷ್ಟು? ನಾನು ಇದೇ ಕ್ರಮದಲ್ಲಿ ತೂಗುತ್ತೇನೆ. ಮೊದಲನೆಯದರಲ್ಲಿ ಸೋತರೆ ಉಳಿದ ಮೂರು ನೋಡುವುದೇ ಬೇಡ.

ಮೊದಲನೆಯದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಮೋಸ ಹೋಗುವುದು ಇಲ್ಲೇ. ಅಲರ್ಜಿ ಕೂದಲಿನಿಂದ ಬರುವುದಲ್ಲ. ನಾಯಿಯ ಜೊಲ್ಲು, ಚರ್ಮ, ಮೂತ್ರದಲ್ಲಿರುವ ಕೆಲವು ಪ್ರೋಟೀನುಗಳಿಂದ ಬರುತ್ತದೆ. ಮುಖ್ಯವಾದದ್ದಕ್ಕೆ ಕ್ಯಾನ್ ಎಫ್ 1 ಅಂತ ಹೆಸರು. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಕೂದಲ ಮೇಲೆ ಒಣಗುತ್ತದೆ, ಚರ್ಮದ ಹೊಟ್ಟಿನ ಜೊತೆ ಸೇರಿ ಗಾಳಿಗೆ ಹಾರುತ್ತದೆ. ಕೂದಲು ಉದುರದಿದ್ದರೂ ಚರ್ಮ ಇದೆ, ಬಾಯಿ ಇದೆ. ಅಂದಮೇಲೆ ಈ ಪ್ರೋಟೀನೇ ಇಲ್ಲದ ತಳಿ ಜಗತ್ತಿನಲ್ಲಿ ಇಲ್ಲ. ಮಾರುವವರು ಹೇಳುವ ಹೈಪೋಅಲರ್ಜೆನಿಕ್, ಅಂದರೆ ಅಲರ್ಜಿ ಕಡಿಮೆ ಮಾಡುವ ನಾಯಿ, ಅನ್ನುವುದು ಒಳ್ಳೆಯ ಹೆಸರು, ಅಷ್ಟೇ. ನೆದರ್ಲೆಂಡ್ಸಿನಲ್ಲಿ 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಲ್ಯಾಬ್ರಡೂಡಲ್, ಪೂಡಲ್ ಮುಂತಾದ 'ಅಲರ್ಜಿ ಆಗದ' ನಾಯಿಗಳ ಕೂದಲನ್ನೂ ಬೇರೆ ನಾಯಿಗಳ ಕೂದಲನ್ನೂ ತೆಗೆದುಕೊಂಡು ಅಳೆದರು. ಆ ಪ್ರೋಟೀನು 'ಅಲರ್ಜಿ ಆಗದ' ನಾಯಿಗಳ ಕೂದಲಿನಲ್ಲೇ ಜಾಸ್ತಿ ಸಿಕ್ಕಿತು. ಲ್ಯಾಬ್ರಡೂಡಲ್ ಇದ್ದ ಮನೆಗಳ ನೆಲದ ಧೂಳಿನಲ್ಲಿ ಮಾತ್ರ ಸ್ವಲ್ಪ ಕಡಿಮೆ ಇತ್ತು. ಗಾಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಲ್ಯಾಬ್ರಡೂಡಲ್ ಸುಳ್ಳಾ? ಅಲ್ಲ. ಅದು ಹುಟ್ಟಿದ ಕತೆ ಕೇಳಿದರೆ ಎಷ್ಟು ನಿಜ, ಎಷ್ಟು ಅಲ್ಲ ಅನ್ನುವುದು ತಿಳಿಯುತ್ತದೆ. 1980ರ ದಶಕದ ಕೊನೆಯ ಮಾತು. ಆಸ್ಟ್ರೇಲಿಯಾದಲ್ಲಿ ಕುರುಡರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ರಾಯಲ್ ಗೈಡ್ ಡಾಗ್ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಎನ್ನುವವರು ತಳಿ ನೋಡಿಕೊಳ್ಳುತ್ತಿದ್ದರು. ಹವಾಯಿಯಿಂದ ಕಣ್ಣು ಕಾಣದ ಒಬ್ಬ ಹೆಣ್ಣುಮಗಳು ಪತ್ರ ಬರೆದರು. ತನಗೆ ನಾಯಿ ಬೇಕು, ಗಂಡನಿಗೆ ನಾಯಿ ಅಲರ್ಜಿ, ಏನು ಮಾಡಲಿ ಅಂತ. ಕಾನ್ರನ್ ಮೊದಲು ದೊಡ್ಡ ಜಾತಿಯ ಪೂಡಲ್‌ಗಳನ್ನೇ ತರಬೇತಿ ಮಾಡಿ ನೋಡಿದರು. ಈ ಕೆಲಸಕ್ಕೆ ಯಾವುದೂ ಒಗ್ಗಲಿಲ್ಲ. ಕೊನೆಗೆ ಲ್ಯಾಬ್ರಡಾರಿಗೆ ಪೂಡಲ್ ಕೂಡಿಸಿದರು. ಮೂರು ಮರಿ ಹುಟ್ಟಿದವು. ಮರಿಗಳ ಕೂದಲು, ಜೊಲ್ಲನ್ನು ಹವಾಯಿಗೆ ಕಳಿಸಿ ಆ ಗಂಡನ ಮೇಲೆ ಪರೀಕ್ಷೆ ಮಾಡಿಸಿದರು. ಒಂದು ಮರಿ ಒಗ್ಗಿತು. ಅದೇ ಸುಲ್ತಾನ್.

ಇಲ್ಲಿ ನಿಲ್ಲಿ. ಮೂರರಲ್ಲಿ ಒಂದು. ಆಮೇಲಿನ ಇನ್ನೊಂದು ಸೂಲಿನಲ್ಲಿ ಹತ್ತು ಮರಿಗಳಲ್ಲಿ ಅಲರ್ಜಿ ಮಾಡದವು ಮೂರೇ ಅಂತ ಕಾನ್ರನ್ ಅವರೇ ಬರೆದಿದ್ದಾರೆ. ಮೊದಲ ಸೂಲಿನಲ್ಲಿ ಉಳಿದ ಎರಡು ಮರಿಗಳನ್ನು 'ಮಿಶ್ರತಳಿ' ಅಂತ ಸಾಕಲು ಯಾರೂ ಮುಂದೆ ಬರದಿದ್ದಾಗ ಅವರು ಲ್ಯಾಬ್ರಡೂಡಲ್ ಅನ್ನುವ ಹೆಸರಿನಲ್ಲಿ ಸುದ್ದಿ ಮಾಡಿಸಿದರು. ಹೆಸರು ಬಂದಿದ್ದೇ ತಡ, ಬೇಡಿಕೆ ಕಟ್ಟೆ ಒಡೆದ ನೀರಿನಂತೆ ಬಂತು. ಹಿಂದು ಮುಂದು ನೋಡದೆ ಸಿಕ್ಕ ಲ್ಯಾಬಿಗೆ ಸಿಕ್ಕ ಪೂಡಲ್ ಕೂಡಿಸಿ ಮಾರುವವರು ಹುಟ್ಟಿಕೊಂಡರು. 2019ರಲ್ಲಿ ಆಸ್ಟ್ರೇಲಿಯಾದ ರೇಡಿಯೊದಲ್ಲಿ ಮಾತಾಡುತ್ತಾ ಕಾನ್ರನ್, ಈ ಕೆಲಸ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪ ಇದೆ ಎಂದರು. ನನಗೆ ಅವರ ಮೇಲೆ ಗೌರವ ಇದೆ. ಒಬ್ಬಳು ಹೆಣ್ಣುಮಗಳ ಕಷ್ಟಕ್ಕೆ ಒಂದು ನಾಯಿ ಹುಡುಕಿಕೊಟ್ಟ ಮನುಷ್ಯ ಅವರು. ಅವರು ತಳಿಯನ್ನು ನಂಬಲಿಲ್ಲ, ಮರಿ ಮರಿಯನ್ನೂ ಪರೀಕ್ಷೆ ಮಾಡಿದರು. ನಾವು ಅವರಿಂದ ಕಲಿಯಬೇಕಾದ್ದು ಅದನ್ನೇ.

ಇನ್ನು ಮಾರಾಟದ ಭಾಷೆ. ಎಫ್ ಒನ್ ಅಂದರೆ ನೇರ ಲ್ಯಾಬ್ ಮತ್ತು ಪೂಡಲ್‌ನ ಮರಿ, ಅರ್ಧ ಅರ್ಧ. ಎಫ್ ಒನ್ ಬಿ ಅಂದರೆ ಆ ಮರಿಯನ್ನು ಮತ್ತೆ ಪೂಡಲ್‌ಗೆ ಕೂಡಿಸಿದ್ದು, ಮುಕ್ಕಾಲು ಪೂಡಲ್. ಎಫ್ ಒನ್ ಮರಿಗಳಲ್ಲಿ ಒಂದೇ ಸೂಲಿನಲ್ಲಿ ಒಂದಕ್ಕೆ ಲ್ಯಾಬಿನ ಹಾಗೆ ನೆಟ್ಟಗಿನ ಕೂದಲು, ಇನ್ನೊಂದಕ್ಕೆ ಅಲೆ ಅಲೆ, ಮತ್ತೊಂದಕ್ಕೆ ಗುಂಗುರು ಬರಬಹುದು. ಎಫ್ ಒನ್ ಬಿಯಲ್ಲಿ ಗುಂಗುರು ಜಾಸ್ತಿ, ಉದುರುವುದು ಕಡಿಮೆ. ಮರಿಯ ಕೂದಲು ನೋಡಿ ನಂಬಬೇಡಿ. ದೊಡ್ಡ ನಾಯಿಯ ಕೂದಲು ಬರುವುದು ಆರು ತಿಂಗಳಿಂದ ಒಂದು ವರ್ಷದೊಳಗೆ. ಸಿಂಧನೂರಿನ ನಮ್ಮ ಚಿಕ್ಕಪ್ಪನ ಮಗ ಇಲ್ಲೇ ಕೆಟ್ಟ. ಮಾರುವವರೊಬ್ಬರು ವಿಡಿಯೊ ಕಾಲ್‌ನಲ್ಲಿ ಮರಿ ತೋರಿಸಿ, 'ಅಲರ್ಜಿ ಇಲ್ಲ' ಅಂತ ಬರೆದ ಕಾಗದವನ್ನೂ ಕಳಿಸಿದ್ದರು. ಎಂಟು ತಿಂಗಳಿಗೆ ಸೋಫಾ ಮೇಲೆಲ್ಲ ಕೂದಲು. ಅವನ ಹೆಂಡತಿಗೆ ರಾತ್ರಿ ಉಸಿರಿನ ಪಂಪು ಎಳೆಯದೆ ನಿದ್ದೆ ಇಲ್ಲ ಅನ್ನುವ ಹಾಗಾಯಿತು. ಕೊನೆಗೆ ಆ ನಾಯಿ ಈಗ ಹೊಲದ ಮನೆಯಲ್ಲಿ ಆಳಿನ ಜೊತೆ ಇದೆ. ಮನೆ ಮಂದಿಯ ಕಾಲಡಿ ಬೆಳೆದ ನಾಯಿ ಅದು. ಅವನು ಹೊಲಕ್ಕೆ ಹೋಗಿ ವಾಪಸ್ ಹೊರಟಾಗಲೆಲ್ಲ ಬೈಕಿನ ಹಿಂದೆ ಕಾಲುವೆ ತನಕ ಓಡಿ ಬರುತ್ತದಂತೆ. ಯೋಚಿಸಿದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಅಂಥ ಕಾಗದಕ್ಕೆ ಕಿಮ್ಮತ್ತಿಲ್ಲ. ನಮ್ಮ ದೇಶದಲ್ಲಿ ನಾಯಿ ತಳಿಗಳನ್ನು ನೋಂದಣಿ ಮಾಡುವ ಕೆನಲ್ ಕ್ಲಬ್ ಆಫ್ ಇಂಡಿಯಾ ಲ್ಯಾಬ್ರಡೂಡಲನ್ನು ತಳಿ ಅಂತ ಒಪ್ಪಿಯೇ ಇಲ್ಲ. ಹಾಗಾಗಿ 'ಪೇಪರ್ ಇರುವ ಲ್ಯಾಬ್ರಡೂಡಲ್' ಅಂದರೆ ಅಲ್ಲೇ ಎಚ್ಚರ ಆಗಿ. ಕೇಳಬೇಕಾದ್ದು ಬೇರೆ: ಅಪ್ಪ ಅಮ್ಮ ಎರಡನ್ನೂ ಕಣ್ಣಿಗೆ ತೋರಿಸುತ್ತಾರಾ? ಎರಡರ ಸೊಂಟದ ಎಕ್ಸ್‌ರೇ, ಕಣ್ಣಿನ ಪರೀಕ್ಷೆ ಆಗಿದೆಯಾ? ಸೊಂಟದ ಕೀಲು ಸಡಿಲ ಆಗುವ ತೊಂದರೆ ಲ್ಯಾಬಿನಲ್ಲೂ ಇದೆ, ಪೂಡಲ್‌ನಲ್ಲೂ ಇದೆ. ನಿಧಾನವಾಗಿ ಕಣ್ಣು ಹೋಗುವ ಕಾಯಿಲೆಯೂ ಎರಡರಲ್ಲೂ ಇದೆ. ಮಿಶ್ರ ಆದ ತಕ್ಷಣ ಅವು ಮಾಯ ಆಗುವುದಿಲ್ಲ. 2017ರ ನಿಯಮದ ಪ್ರಕಾರ ನಾಯಿ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಇದನ್ನು ಕೇಳಿದರೆ ಮುಖ ಸಿಂಡರಿಸುವವರ ಹತ್ತಿರ ತರಬೇಡಿ.

ಈಗ ಬಿಸಿಲು ಮತ್ತು ಕೂದಲು. ಇವೆರಡನ್ನೂ ಬೇರೆ ಮಾಡಿ ಹೇಳಲು ಬರುವುದಿಲ್ಲ. ಲ್ಯಾಬ್ರಡಾರ್ ಮೂಲದಲ್ಲಿ ನ್ಯೂಫೌಂಡ್‌ಲ್ಯಾಂಡಿನ ಚಳಿ ನೀರಿನ ನಾಯಿ. ಪೂಡಲ್ ಕೂಡ ಬೇಟೆಗಾರರು ಹೊಡೆದ ಬಾತುಕೋಳಿಯನ್ನು ನೀರಿಗಿಳಿದು ತರುತ್ತಿದ್ದ ನಾಯಿ. ಎರಡೂ ತಣ್ಣನೆ ನೀರಿಗೆ ಅಂತ ಆದ ಮೈ. ಅವುಗಳ ಮಗುವನ್ನು ನಾವು 42 ಡಿಗ್ರಿಗೆ ತಂದು ನಿಲ್ಲಿಸುತ್ತೇವೆ. ಗುಂಗುರು ಕೂದಲಿಗೆ ಇನ್ನೊಂದು ಗುಣ ಇದೆ. ನಮ್ಮ ಕಡೆಯ ಜನಕ್ಕೆ ಇದನ್ನು ತಿಳಿಸುವುದು ಸುಲಭ, ಕಂಬಳಿ ಮಾಡುವುದನ್ನು ನೋಡಿದ್ದೀರಲ್ಲ? ಕುರಿಯ ತುಪ್ಪಟ ಒದ್ದೆಯಾಗಿ ಉಜ್ಜಿದಷ್ಟೂ ಎಳೆಗೆ ಎಳೆ ಕಚ್ಚಿಕೊಂಡು ಬಿಗಿಯಾಗುತ್ತದೆ. ಈ ನಾಯಿಯ ಕೂದಲೂ ಹಾಗೆಯೇ. ಉದುರಬೇಕಾದ ಕೂದಲು ಕೆಳಗೆ ಬೀಳದೆ ಒಳಗೇ ಸಿಕ್ಕಿಕೊಳ್ಳುತ್ತದೆ.

ಹೋದ ಮೇ ತಿಂಗಳಲ್ಲಿ ಕೊಪ್ಪಳಕ್ಕೆ ಹೋಗಿದ್ದಾಗ ಅಕ್ಕ ಬೆಲ್ಲನನ್ನು ಜಗಲಿ ಮೇಲೆ ಮಲಗಿಸಿಕೊಂಡು ಕೂತಿದ್ದಳು. "ಬಾರೋ ತಮ್ಮಾ, ಒಂಚೂರು ಕೈ ಹಚ್ಚು. ನಾಲ್ಕ ದಿನ ಮದಿವಿಗೆ ಹೋಗಿದ್ದೆ, ನೋಡು ಹೆಂಗಾಗೇತಿ" ಅಂದಳು. ಕಿವಿಯ ಹಿಂದೆ ಬೆರಳಿಟ್ಟೆ. ಕೂದಲಲ್ಲ, ದಪ್ಪ ಕಂಬಳಿಯ ತುಂಡು ಮುಟ್ಟಿದ ಹಾಗಿತ್ತು. ಬಾಚಣಿಗೆ ಒಳಗೆ ಇಳಿಯಲೇ ಇಲ್ಲ. ಅಕ್ಕ ಗಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಚರ್ಮ ಎಳೆಯದ ಹಾಗೆ ಸಣ್ಣ ಕತ್ತರಿಯಿಂದ ಉದ್ದುದ್ದ ಸೀಳಿ ಬಿಡಿಸಿದಳು. ಕೆಳಗೆ ಚರ್ಮ ಕೆಂಪಾಗಿ ಬೆವೆತಂತೆ ಒದ್ದೆ ಇತ್ತು. ಅಲ್ಲೇ ಎರಡು ಉಣುಗು, ರಕ್ತ ಕುಡಿದು ಬೂದು ಬಣ್ಣಕ್ಕೆ ತಿರುಗಿದ್ದವು. ಮುಂಗಾಲ ಕಂಕುಳು, ಹೊಟ್ಟೆಯ ಪಕ್ಕೆ, ಬಾಲದ ಬುಡ ಎಲ್ಲ ಮುಗಿಯುವಷ್ಟರಲ್ಲಿ ಎರಡು ತಾಸು. ಇದು ನಾಲ್ಕು ದಿನ ಬಿಟ್ಟಿದ್ದಕ್ಕೆ. ಉಣುಗಿನ ಜ್ವರ ನಮ್ಮ ಕಡೆ ನಾಯಿಗಳಿಗೆ ಜೀವಕ್ಕೇ ಬರುವಂಥದ್ದು. ಗುಂಗುರು ಕೂದಲಲ್ಲಿ ಅದು ಕಣ್ಣಿಗೆ ಬೀಳುವಷ್ಟರಲ್ಲಿ ತಡ ಆಗಿರುತ್ತದೆ.

ಹಾಗಾಗಿ ಲ್ಯಾಬ್ರಡೂಡಲ್ ಬೇಕು ಅನ್ನುವವರು ದಿನಕ್ಕೆ ಕಾಲು ಗಂಟೆ ಬಾಚುವುದು, ಆರೆಂಟು ವಾರಕ್ಕೊಮ್ಮೆ ಟ್ರಿಮ್ಮರ್ ಹಿಡಿಯುವುದು, ವಾರಕ್ಕೊಮ್ಮೆ ಕಿವಿ ಒರೆಸಿ ಒಣಗಿಸುವುದು ಇಷ್ಟನ್ನು ಹನ್ನೆರಡು, ಹದಿಮೂರು ವರ್ಷ ಮಾಡುತ್ತೇವೆ ಅಂತ ಒಪ್ಪಿಕೊಂಡು ತರಬೇಕು. ಅಕ್ಕ ಟ್ರಿಮ್ಮರ್ ಕೊಂಡು ತಾನೇ ಕಲಿತಳು. ಬೇಸಿಗೆಯಲ್ಲಿ ಒಂದು ಬೆರಳು ದಪ್ಪ ಬಿಟ್ಟು ಕತ್ತರಿಸುತ್ತಾಳೆ, ಚರ್ಮ ಕಾಣುವ ತನಕ ಬೋಳಿಸುವುದಿಲ್ಲ. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ ಬಡಿಯುತ್ತದೆ.

ಭಾವನ ಮೂಗಿನ ಸಂಗತಿ ಹೇಳಲೇಬೇಕು. ತರುವ ಮೊದಲು ನಾಲ್ಕು ಸಲ ಬೆಂಗಳೂರಿಗೆ ಹೋಗಿ ಇದೇ ಬೆಲ್ಲನ ಜೊತೆ ಕೂತು ಬಂದಿದ್ದರು. ಆಗ ಅದಕ್ಕೆ ಒಂದೂವರೆ ವರ್ಷ, ಸಾಕಿದವರು ವಿದೇಶಕ್ಕೆ ಹೊರಟಿದ್ದರು. ಈಗಲೂ ಅದು ಮುಖ ನೆಕ್ಕಿದರೆ ಭಾವನ ಕೆನ್ನೆ ಮೇಲೆ ಕೆಂಪು ದದ್ದು ಏಳುತ್ತದೆ. ಸೀನು ಮಾತ್ರ ಇಲ್ಲ. ಮಲಗುವ ಕೋಣೆಗೆ ಅದನ್ನು ಬಿಡುವುದಿಲ್ಲ. ನಮ್ಮ ಮನೆಗಳಿಗೆ ಒಂದು ದೊಡ್ಡ ಅನುಕೂಲ ಇದೆ: ಶಹಾಬಾದ್ ಪರ್ಸಿಯ ನೆಲ, ಕಾರ್ಪೆಟ್ ಇಲ್ಲ. ಒದ್ದೆ ಬಟ್ಟೆಯಲ್ಲಿ ದಿನಾ ಒರೆಸಿದರೆ ಅರ್ಧ ಕೆಲಸ ಮುಗಿಯಿತು. ಒಣ ಪೊರಕೆಯಿಂದ ಗುಡಿಸಿದರೆ ಎಲ್ಲ ಎದ್ದು ಮೂಗಿಗೇ ಬರುತ್ತದೆ.

ನೇರವಾಗಿ ಪೂಡಲನ್ನೇ ತರುವುದು ಹೇಗೆ? ನನ್ನ ಲೆಕ್ಕದಲ್ಲಿ, ಕೂದಲು ಉದುರಬಾರದು ಅನ್ನುವುದೇ ನಿಮ್ಮ ಮುಖ್ಯ ಮಾತಾದರೆ, ಮಿಶ್ರತಳಿಗಿಂತ ಪೂಡಲ್ ಮೇಲು. ದೊಡ್ಡದಾದ ಮೇಲೆ ಕೂದಲು ಹೇಗಿರುತ್ತದೆ ಅಂತ ಮೊದಲೇ ಗೊತ್ತು, ಬೆಪ್ಪಾಗುವ ಪ್ರಮೇಯ ಇಲ್ಲ. ಸಣ್ಣ ಜಾತಿ ತಂದರೆ ಬಾಚಬೇಕಾದ ಮೈ ಕಡಿಮೆ, ಊಟದ ಖರ್ಚು ಕಡಿಮೆ, ಎರಡು ಕೋಣೆಯ ಮನೆಗೂ ಸಾಕು. ಲ್ಯಾಬಿನ ಆ ದೊಡ್ಡ ಮೈ, ಎಲ್ಲರ ಮೇಲೂ ಬೀಳುವ ಪ್ರೀತಿ ಸಿಗುವುದಿಲ್ಲ. ಪೂಡಲ್ ಚುರುಕು ಬುದ್ಧಿಯದ್ದು, ಒಂಟಿ ಬಿಟ್ಟರೆ ಕೊರಗುತ್ತದೆ, ಬೊಗಳುತ್ತದೆ.

ಶಿಹ್‌ ತ್ಸು ಅನ್ನುವ ಪುಟ್ಟ ನಾಯಿ ಕೂದಲು ಉದುರಿಸುವುದಿಲ್ಲ ಅಂತ ಹಲವರು ಕೇಳುತ್ತಾರೆ. ಅದರ ಮೂಗು ಚಪ್ಪಟೆ. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದೇ ಏದುಸಿರಿನಿಂದ. ದಿನವಿಡೀ ಎಸಿ ಇಲ್ಲದ ಮನೆಯವರು ರಾಯಚೂರಿನ ಏಪ್ರಿಲ್‌ಗೆ ಅದನ್ನು ತರಬೇಡಿ. ಕರೆಂಟ್ ಹೋದ ಮಧ್ಯಾಹ್ನವೊಂದೇ ಸಾಕು, ಜೀವ ಹೋಗಲು. ಪಮೇರಿಯನ್ ಅಂತ ನಮ್ಮಲ್ಲಿ ಕರೆಯುವ ಬಿಳಿ ನಾಯಿ ಗಟ್ಟಿ ಜೀವ, ಆದರೆ ವರ್ಷವಿಡೀ ಕೂದಲು ಉದುರಿಸುತ್ತದೆ. ಅಲರ್ಜಿ ಮನೆಗೆ ಬೇಡ.

ಮುಧೋಳ ನಾಯಿ ನಮ್ಮ ನೆಲದ್ದೇ. ಬಾಗಲಕೋಟೆ ಕಡೆಯದ್ದು, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಬಿಸಿಲಿನ ವಿಷಯದಲ್ಲಿ ಇದರ ಎದುರು ಲ್ಯಾಬ್ರಡೂಡಲ್ ನಿಲ್ಲುವುದಿಲ್ಲ. ತೆಳ್ಳನೆ ಮೈ, ಗಿಡ್ಡ ಕೂದಲು, ಒದ್ದೆ ಬಟ್ಟೆಯಲ್ಲಿ ಐದು ನಿಮಿಷ ಒರೆಸಿದರೆ ಶುಚಿ. ಉಣುಗು ಇದ್ದರೆ ತಕ್ಷಣ ಕಾಣುತ್ತದೆ. ಅಲರ್ಜಿ ಕಡಿಮೆ ಅಂತ ಮಾತ್ರ ಯಾರಾದರೂ ಹೇಳಿದರೆ ನಂಬಬೇಡಿ, ಅದಕ್ಕೂ ಜೊಲ್ಲಿದೆ, ಚರ್ಮ ಇದೆ. ಬಯಲಿನಲ್ಲಿ ಬೇಟೆಯಾಡಲು ಹುಟ್ಟಿದ ನಾಯಿಗೆ ದಿನಾ ಓಡಲು ಜಾಗ ಬೇಕು. ಹೊಲ, ತೋಟ ಇರುವ, ನಾಯಿ ಹೆಚ್ಚು ಹೊತ್ತು ಹೊರಗೇ ಇರುವ ಮನೆಗೆ ಇದು ನನ್ನ ಮೊದಲ ಆಯ್ಕೆ. ನಾಯಿ ಹೊರಗಿದ್ದಷ್ಟೂ ಮನೆಯೊಳಗಿನ ಮೂಗಿಗೆ ಆರಾಮ ಅಲ್ವಾ? ಬಳ್ಳಾರಿ ಗಾಂಧಿನಗರದ ಮೂರನೇ ಮಹಡಿಯಲ್ಲಿ ಅದನ್ನು ಕಟ್ಟಿ ಹಾಕಬೇಡಿ.

ಕೊನೆಗೆ ನಮ್ಮೂರ ನಾಯಿ. ಕೊಳ್ಳುವ ಬೆಲೆ ಇಲ್ಲ. ರೇಬಿಸ್ ಲಸಿಕೆ ಮತ್ತು ಉಳಿದ ಲಸಿಕೆ, ಜಂತುಹುಳದ ಔಷಧಿ, ಮಕ್ಕಳಾಗದ ಆಪರೇಷನ್, ಖರ್ಚು ಬಹುತೇಕ ಇಷ್ಟೇ. ಬಿಸಿಲಿಗೆ ಪಳಗಿದ ಮೈ. ಕೂದಲು ಉದುರುತ್ತದೆ, ಮುಚ್ಚಿಡುವುದಿಲ್ಲ. ಆದರೂ ಇದನ್ನು ಅಲರ್ಜಿ ಮನೆಯವರಿಗೆ ನಾನು ಧೈರ್ಯವಾಗಿ ಹೇಳುವುದಕ್ಕೆ ಕಾರಣ ಇದೆ: ಬೆಳೆದ ನಾಯಿಯನ್ನೇ ಆರಿಸಬಹುದು, ದಿನಾ ಬಾಗಿಲ ಮುಂದೆ ಸಿಗುವುದರಿಂದ ತಿಂಗಳುಗಟ್ಟಲೆ ಪರೀಕ್ಷೆ ಮಾಡಿ ನೋಡಬಹುದು. ಕರಿಯವ್ವ ನಮ್ಮ ಮನೆ ಮೆಟ್ಟಿಲ ಮೇಲೆ ಎರಡು ಮಳೆಗಾಲ ಮಲಗಿದ ಮೇಲೆ ಒಳಗೆ ಬಂದದ್ದು. ಅಷ್ಟರೊಳಗೆ ನನ್ನ ಮೂಗು ತನ್ನ ತೀರ್ಪು ಹೇಳಿಯಾಗಿತ್ತು.

ಹೆಣ್ಣು ನಾಯಿ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕ್ಯಾನ್ ಎಫ್ 5 ಅನ್ನುವ ಇನ್ನೊಂದು ಪ್ರೋಟೀನು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುತ್ತದೆ. ನಾಯಿ ಅಲರ್ಜಿ ಇರುವವರಲ್ಲಿ ಕೆಲವರಿಗೆ ಆಗದಿರುವುದು ಇದೊಂದೇ. ಅಂಥವರಿಗೆ ಹೆಣ್ಣು ನಾಯಿ ಯಾವ ತಳಿಯದಾದರೂ ಒಗ್ಗುವ ಸಾಧ್ಯತೆ ಜಾಸ್ತಿ. ರಕ್ತ ಪರೀಕ್ಷೆಯಲ್ಲಿ ಇದನ್ನು ಬೇರೆಯಾಗಿ ನೋಡುತ್ತಾರಾ ಅಂತ ಡಾಕ್ಟರನ್ನು ಕೇಳಿ. ಅದೊಂದು ಉತ್ತರದಿಂದ ಹತ್ತಾರು ಸಾವಿರ ಉಳಿಯಬಹುದು.

ನನ್ನನ್ನು ಕೇಳಿದ ಮೂವರಿಗೆ ನಾನು ಹೇಳಿದ್ದು ಹೀಗೆ. ಗಂಗಾವತಿಯವರಿಗೆ ಹೊಲದ ಮನೆ ಇದೆ, ಅಲರ್ಜಿ ಸ್ವಲ್ಪವೇ: ಮುಧೋಳ. ರಾಯಚೂರಿನವರದ್ದು ಸಣ್ಣ ಮನೆ, ಹಗಲು ಮನೆಯಲ್ಲಿ ಅಜ್ಜಿ ಇರುತ್ತಾರೆ, ಬಾಚಲು ಪುರುಸೊತ್ತಿದೆ, ಖರ್ಚಿಗೆ ತೊಂದರೆ ಇಲ್ಲ: ಸಣ್ಣ ಪೂಡಲ್, ಇಲ್ಲಾ ಬೆಲ್ಲನ ಹಾಗೆ ಬೆಳೆದ, ಬೇರೆ ಮನೆ ಹುಡುಕುತ್ತಿರುವ ಲ್ಯಾಬ್ರಡೂಡಲ್. ಬಾಚಿ ಸಾಕಾಗಿ ಬಿಟ್ಟುಕೊಡುವವರು ಬೆಂಗಳೂರು, ಹೈದರಾಬಾದಿನಲ್ಲಿ ಇರುತ್ತಾರೆ. ಬಳ್ಳಾರಿಯವರ ಮಗನಿಗೆ ದಮ್ಮು ಇದೆ. ಅವರಿಗೆ ಸದ್ಯ ಯಾವ ನಾಯಿಯೂ ಬೇಡ ಅಂದೆ. ಆ ಹುಡುಗ ಸಂಜೆ ನಮ್ಮ ಓಣಿಗೆ ಬಂದು ಕರಿಯವ್ವನಿಗೆ ದೂರದಿಂದ ಬಿಸ್ಕತ್ತು ಎಸೆದು ಹೋಗುತ್ತಾನೆ.

ನಾಯಿ ಆರಿಸಿದ ಮೇಲೂ ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ದಮ್ಮು ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು. ಉಳಿದವರು ಅದೇ ನಾಯಿಯ ಜೊತೆ ಬೇರೆ ಬೇರೆ ದಿನ, ಮುಚ್ಚಿದ ಕೋಣೆಯಲ್ಲಿ, ಒಂದೊಂದು ಗಂಟೆ ಕೂತು ಬನ್ನಿ. ಒಂದು ಸಲಕ್ಕೆ ಏನೂ ಆಗಲಿಲ್ಲ ಅಂತ ಒಪ್ಪಬೇಡಿ. ಊರು ದೂರ ಇದ್ದರೆ, ಒಗೆದ ಹತ್ತಿಯ ಟವೆಲ್ ಒಂದನ್ನು ಕಳಿಸಿ, ನಾಯಿಯ ಬಾಯಿ, ಕುತ್ತಿಗೆ, ಬೆನ್ನಿಗೆ ಚೆನ್ನಾಗಿ ಒರೆಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಲು ಹೇಳಿ. ಬಂದ ಮೇಲೆ ಅಲರ್ಜಿ ಇರುವವರು ಕೂರುವ ಕುರ್ಚಿಯ ಮೇಲೆ ಎರಡು ಸಂಜೆ ಹಾಸಿಡಿ. ಕಾನ್ರನ್ ಕೂಡ ಆ ಮೂರು ಮರಿಗಳ ಜೊಲ್ಲು, ಕೂದಲನ್ನು ಸಮುದ್ರ ದಾಟಿಸಿ ಹೀಗೇ ಕಳಿಸಿದ್ದರು. ಸುಲ್ತಾನ್ ವಿಮಾನ ಹತ್ತಿದ್ದು ಅಲ್ಲಿಂದ ಉತ್ತರ ಬಂದ ಮೇಲೆ.